ಎದೆಬಡಿತದ ಏರುಪೇರು: ಓದುಗರ ಪ್ರಶ್ನೆ, ಹೃದ್ರೋಗ ತಜ್ಞರ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಏಟ್ರಿಯಲ್ ಫಿಬ್ರಿಲೇಷನ್ ಬಗ್ಗೆ ಇವೆ. ಹೃದಯದ ಮೇಲಿನ ಎರಡು ಕೋಣೆಗಳು ಒಟ್ಟಿಗೆ ಸಂಕುಚಿಸಿ ರಕ್ತ ತಳ್ಳುವ ಬದಲು ಸುಮ್ಮನೆ ಅದುರುತ್ತಿರುವ ಸ್ಥಿತಿ ಇದು. ನಾಡಿ ಹಿಡಿದು ನೋಡಿದರೆ ಬಡಿತಗಳ ನಡುವಿನ ಅಂತರಕ್ಕೆ ಲೆಕ್ಕವೇ ಸಿಗುವುದಿಲ್ಲ. ಮುಂದೆ ಇದನ್ನು ಚಿಕ್ಕದಾಗಿ ‘ಎಎಫ್’ ಎಂದೇ ಬರೆದಿದ್ದೇವೆ. ಬಹುತೇಕ ಪತ್ರಗಳಲ್ಲಿ ‘ಅಧ್ಯಯನಗಳು ಹೇಳುತ್ತವಂತೆ’ ಎಂಬ ಮಾತಿದೆ. ಹಾಗಾಗಿ ಯಾವ ಅಧ್ಯಯನ, ಎಂಥವರ ಮೇಲೆ ನಡೆಯಿತು, ಏನನ್ನು ಅಳೆಯಿತು ಎಂಬುದನ್ನೂ ಸೇರಿಸಿಯೇ ಉತ್ತರ ಕೊಟ್ಟಿದ್ದೇವೆ.

ಪ್ರಶ್ನೆ: ಡಾಕ್ಟರೇ, ನಮ್ಮ ತಂದೆಯವರಿಗೆ 68 ವರ್ಷ, ಬಿಪಿ ಇದೆ. ಎಎಫ್ ಇದೆಯೆಂದು ಗೊತ್ತಾಗಿ ನಾಲ್ಕು ತಿಂಗಳಾಯಿತು. ಒಬ್ಬ ವೈದ್ಯರು ಬಡಿತದ ವೇಗ ತಗ್ಗಿಸಿದರೆ ಸಾಕು ಅನ್ನುತ್ತಾರೆ. ಇನ್ನೊಬ್ಬರು ಲಯವನ್ನೇ ಸರಿಪಡಿಸಬೇಕು ಅನ್ನುತ್ತಾರೆ. ಇಬ್ಬರೂ ಸಂಶೋಧನೆಯ ಹೆಸರು ಹೇಳುತ್ತಾರೆ. ಯಾರ ಮಾತು ಕೇಳುವುದು?

ಉತ್ತರ: ಇಬ್ಬರ ಮಾತಿಗೂ ಆಧಾರವಿದೆ. ಆದರೆ ಎರಡೂ ಬೇರೆ ಬೇರೆ ಕಾಲದ, ಬೇರೆ ಬೇರೆ ರೋಗಿಗಳ ಮೇಲೆ ನಡೆದ ಪ್ರಯೋಗಗಳು.

ಮೊದಲನೆಯವರ ಬೆನ್ನಿಗಿರುವುದು 2002ರಲ್ಲಿ ಪ್ರಕಟವಾದ ಅಫರ್ಮ್ ಪ್ರಯೋಗ. 4,060 ಜನರಲ್ಲಿ ಅರ್ಧದಷ್ಟು ಮಂದಿಗೆ ಬಡಿತದ ವೇಗವನ್ನಷ್ಟೇ ಹತೋಟಿಯಲ್ಲಿಟ್ಟರು, ಉಳಿದವರಿಗೆ ಔಷಧಿ ಕೊಟ್ಟು ಲಯ ಸರಿಪಡಿಸಲು ನೋಡಿದರು. ಐದು ವರ್ಷದ ಹೊತ್ತಿಗೆ ಲಯದ ಗುಂಪಿನಲ್ಲಿ ಶೇ 23.8, ವೇಗದ ಗುಂಪಿನಲ್ಲಿ ಶೇ 21.3 ಮಂದಿ ತೀರಿಕೊಂಡಿದ್ದರು. ಅಂದರೆ ಲಯ ಸರಿಪಡಿಸಿ ಆಯುಸ್ಸೇನೂ ಹೆಚ್ಚಲಿಲ್ಲ. ಆದರೆ ಒಳಹೊಕ್ಕು ನೋಡಿದರೆ ಎರಡು ಸಂಗತಿ ಕಾಣುತ್ತವೆ. ಅದುರುವ ಕೋಣೆಯಲ್ಲಿ ರಕ್ತ ಹೆಪ್ಪುಗಟ್ಟಿ ಪಾರ್ಶ್ವವಾಯು ಬಡಿಯದಿರಲೆಂದು ಕೊಡುವ ರಕ್ತ ತೆಳುವಾಗಿಸುವ ಮಾತ್ರೆಯನ್ನು ಲಯ ಸರಿಹೋದವರಿಗೆ ನಿಲ್ಲಿಸಲು ಅವಕಾಶವಿತ್ತು. ಆ ಗುಂಪಿನಲ್ಲಿ ಪಾರ್ಶ್ವವಾಯು ಬಡಿದವರಲ್ಲಿ ಹೆಚ್ಚಿನವರು ಮಾತ್ರೆ ಬಿಟ್ಟವರು, ಇಲ್ಲವೆ ಅದರ ಪ್ರಮಾಣ ಸಾಲದಿದ್ದವರು. ಜೊತೆಗೆ ಲಯಕ್ಕೆಂದು ಕೊಟ್ಟ ಔಷಧಿಗಳಿಗೂ ಅವುಗಳದ್ದೇ ಅಡ್ಡಪರಿಣಾಮಗಳಿದ್ದವು.

ಎರಡನೆಯವರು ನೆಚ್ಚಿಕೊಂಡಿರುವುದು 2020ರ ಈಸ್ಟ್ ಪ್ರಯೋಗವನ್ನು ಇರಬೇಕು. ಅದರಲ್ಲಿದ್ದ 2,789 ಮಂದಿಗೆ ಎಎಫ್ ಪತ್ತೆಯಾಗಿ 12 ತಿಂಗಳು ಮೀರಿರಲಿಲ್ಲ. ಲಯದ ಚಿಕಿತ್ಸೆ ಬೇಗ ಶುರುವಾಯಿತು, ರಕ್ತ ತೆಳುವಾಗಿಸುವ ಮಾತ್ರೆಯನ್ನು ಎರಡೂ ಗುಂಪಿನಲ್ಲಿ ಮುಂದುವರಿಸಿದರು, ಬೇಕಾದವರಿಗೆ ಅಬ್ಲೇಶನ್ (ಹೃದಯದೊಳಗೆ ಕಲೆ ಮಾಡಿ ತಪ್ಪು ವಿದ್ಯುತ್ತನ್ನು ತಡೆಯುವ ಚಿಕಿತ್ಸೆ) ಕೂಡ ಮಾಡಿದರು. ಹೃದಯರೋಗದಿಂದ ಸಾವು, ಪಾರ್ಶ್ವವಾಯು, ಹೃದಯ ವೈಫಲ್ಯ ಉಲ್ಬಣಿಸಿ ಅಥವಾ ಹೃದಯಾಘಾತದ ಲಕ್ಷಣಗಳಿಂದ ಆಸ್ಪತ್ರೆ ಸೇರುವುದು ಇವನ್ನೆಲ್ಲ ಒಟ್ಟು ಮಾಡಿ ಎಣಿಸಿದಾಗ, ವರ್ಷಕ್ಕೆ ನೂರು ಜನರಲ್ಲಿ ಬೇಗ ಲಯ ಸರಿಪಡಿಸಿದವರಲ್ಲಿ 3.9, ಮಾಮೂಲಿ ಚಿಕಿತ್ಸೆಯವರಲ್ಲಿ 5.0 ಘಟನೆಗಳಾದವು. ಲಾಭ ದೊಡ್ಡದಲ್ಲ, ಆದರೆ ನಿಜವಾದದ್ದು. ಅದಕ್ಕೆ ತೆತ್ತ ಬೆಲೆಯೂ ವರದಿಯಲ್ಲೇ ಇದೆ: ಲಯದ ಚಿಕಿತ್ಸೆಯಿಂದಲೇ ಉಂಟಾದ ಗಂಭೀರ ತೊಂದರೆ ಬೇಗ ಲಯ ಸರಿಪಡಿಸಿದವರಲ್ಲಿ ಶೇ 4.9, ಮಾಮೂಲಿ ಚಿಕಿತ್ಸೆಯವರಲ್ಲಿ ಶೇ 1.4.

ನಿಮ್ಮ ತಂದೆಯವರು 65 ದಾಟಿದ್ದಾರೆ, ಬಿಪಿ ಇದೆ, ಎಎಫ್ ಹೊಸದು. ಈಸ್ಟ್‌ಗೆ ಸೇರಿಸಿಕೊಂಡವರಂಥವರೇ ಅವರು. ಹಾಗಾಗಿ ಎರಡನೆಯ ವೈದ್ಯರ ಮಾತು ಅವರಿಗೆ ಹೆಚ್ಚು ಹೊಂದುತ್ತದೆ ಎಂಬುದು ನಮ್ಮ ಅಭಿಪ್ರಾಯ. ಲಯಕ್ಕೆ ಯಾವ ಔಷಧಿ ಎಂಬುದನ್ನು ಮಾತ್ರ ಎಕೋ (ಹೃದಯದ ಅಲ್ಟ್ರಾಸೌಂಡ್) ನೋಡಿಯೇ ತೀರ್ಮಾನಿಸಬೇಕು. ಎಎಫ್ ಕಾಯಂ ಆಗಿ ನೆಲೆಸಿದವರಲ್ಲಿ ವೇಗದ ಹತೋಟಿಯೇ ದಾರಿ. ಅವರಲ್ಲೂ ನಿಮಿಷಕ್ಕೆ 80ರ ಕೆಳಗೇ ಇರಬೇಕೆಂದು ಮಾತ್ರೆ ಏರಿಸುತ್ತ ಹೋಗಬೇಕಿಲ್ಲ. 2010ರ ರೇಸ್-2 ಪ್ರಯೋಗದಲ್ಲಿ, ವಿಶ್ರಾಂತಿಯಲ್ಲಿದ್ದಾಗ 110ರ ಕೆಳಗಿದ್ದರೆ ಸಾಕು ಎಂದು ಬಿಟ್ಟವರು ಬಿಗಿ ಹತೋಟಿಯವರಿಗಿಂತ ಕೆಟ್ಟ ಸ್ಥಿತಿಗೇನೂ ಹೋಗಲಿಲ್ಲ.

ಪ್ರಶ್ನೆ: ಹಾಲ್ಟರ್ ಪರೀಕ್ಷೆಯಲ್ಲಿ (ಇಡೀ ದಿನ ಮೈಗೆ ಕಟ್ಟಿಕೊಂಡು ತೆಗೆಯುವ ಇಸಿಜಿ) ಒಂದೇ ದಿನ 2,000ಕ್ಕೂ ಹೆಚ್ಚು ‘ಎಕ್ಸ್‌ಟ್ರಾ ಬೀಟ್’ ಬಂದಿವೆ. ಎಕೋ ನಾರ್ಮಲ್. ವೈದ್ಯರು ಮಾತ್ರೆಯೇ ಬೇಡ ಅಂದರು. ಇಷ್ಟು ತಪ್ಪು ಬಡಿತಗಳಿದ್ದೂ ಸುಮ್ಮನಿರುವುದು ಸರಿಯೇ?

ಉತ್ತರ: ಸರಿ. ಅವರು ಹಾಗೆ ಹೇಳಲು ಕಾರಣವಾದ ಪ್ರಯೋಗದ ವಿಷಯ ನಿಮಗೂ ಗೊತ್ತಿದ್ದರೆ ಭಯ ಕಡಿಮೆಯಾದೀತು.

1980ರ ದಶಕದ ತರ್ಕ ಹೀಗಿತ್ತು: ಹೃದಯಾಘಾತವಾದವರಲ್ಲಿ ಕೆಳಕೋಣೆಯಿಂದ ಹೆಚ್ಚುವರಿ ಬಡಿತ ಜಾಸ್ತಿ ಇದ್ದರೆ ಹಠಾತ್ ಸಾವೂ ಜಾಸ್ತಿ, ಆದ್ದರಿಂದ ಆ ಬಡಿತಗಳನ್ನು ಅಡಗಿಸಿದರೆ ಸಾವು ಕಡಿಮೆಯಾಗಬೇಕು. ಎನ್‌ಕೈನೈಡ್, ಫ್ಲೆಕೈನೈಡ್ ಎಂಬ ಔಷಧಿಗಳು ಈ ಬಡಿತಗಳನ್ನು ಚೆನ್ನಾಗಿಯೇ ಅಡಗಿಸುತ್ತಿದ್ದವು. ಇಸಿಜಿ ನೀಟಾಗುತ್ತಿತ್ತು, ವೈದ್ಯರಿಗೂ ರೋಗಿಗೂ ಸಮಾಧಾನ. ಈ ತರ್ಕವನ್ನು ಪರೀಕ್ಷಿಸಲು ನಡೆದದ್ದು ಕ್ಯಾಸ್ಟ್ ಪ್ರಯೋಗ. ಇದರಲ್ಲಿ ಗಮನಿಸಬೇಕಾದ ಒಂದು ಅಂಶವಿದೆ. ಮೊದಲು ಔಷಧಿ ಕೊಟ್ಟು ನೋಡಿ, ಯಾರಲ್ಲಿ ಬಡಿತ ಅಡಗಿತೋ ಅಂಥವರನ್ನಷ್ಟೇ ಮುಂದಿನ ಹಂತಕ್ಕೆ ತೆಗೆದುಕೊಂಡರು. ಅಂದರೆ ಔಷಧಿಗೆ ಅತ್ಯಂತ ಅನುಕೂಲವಾದ ರೋಗಿಗಳು. ಅವರಲ್ಲಿ 755 ಮಂದಿಗೆ ಅದೇ ಔಷಧಿ ಮುಂದುವರಿಯಿತು, 743 ಮಂದಿಗೆ ಔಷಧವಿಲ್ಲದ ಹುಸಿಮಾತ್ರೆ ಸಿಕ್ಕಿತು. ಸರಾಸರಿ ಹತ್ತು ತಿಂಗಳಲ್ಲಿ ಔಷಧಿ ಪಡೆದವರಲ್ಲಿ 63 ಮಂದಿ, ಹುಸಿಮಾತ್ರೆಯವರಲ್ಲಿ 26 ಮಂದಿ ಸತ್ತರು. 1989ರಲ್ಲಿ ಆ ಎರಡೂ ಔಷಧಿಗಳನ್ನು ನಡುವೆಯೇ ನಿಲ್ಲಿಸಬೇಕಾಯಿತು.

ಯಾಕೆ ಹೀಗಾಯಿತು? ಈ ಔಷಧಿಗಳು ಹೃದಯದ ಕೋಶಗಳೊಳಗೆ ಸೋಡಿಯಂ ನುಗ್ಗುವುದನ್ನು ತಡೆದು ವಿದ್ಯುತ್ ಸಂಚಾರವನ್ನು ನಿಧಾನಿಸುತ್ತವೆ. ಆರೋಗ್ಯವಂತ ಸ್ನಾಯುವಿನಲ್ಲಿ ಈ ನಿಧಾನ ಎಲ್ಲೆಡೆ ಒಂದೇ ಸಮ. ಹೃದಯಾಘಾತದಿಂದ ಕಲೆಗಟ್ಟಿದ ಸ್ನಾಯುವಿನಲ್ಲಿ ಹಾಗಲ್ಲ, ಒಂದೆಡೆ ಸ್ವಲ್ಪ ನಿಧಾನ, ಪಕ್ಕದಲ್ಲೇ ತೀರಾ ನಿಧಾನ. ಮುಂದೆ ಹೋದ ವಿದ್ಯುತ್ ಅಲೆ ಕಲೆಯ ಸುತ್ತ ಬಳಸಿ ಹಿಂದಿರುಗುವ ಹೊತ್ತಿಗೆ ಮೊದಲ ಜಾಗ ಮತ್ತೆ ಸಿದ್ಧವಾಗಿರುತ್ತದೆ. ಅಲೆ ಅಲ್ಲಲ್ಲೇ ಸುತ್ತತೊಡಗುತ್ತದೆ, ಬಡಿತ ಹಿಡಿತ ತಪ್ಪುತ್ತದೆ. ಚಿಕ್ಕಪುಟ್ಟ ತಪ್ಪು ಬಡಿತ ಅಡಗಿಸುವ ಔಷಧಿಯೇ ಪ್ರಾಣಾಂತಿಕ ಬಡಿತಕ್ಕೆ ದಾರಿ ಮಾಡಿಕೊಟ್ಟಿತು.

ಆ ಪ್ರಯೋಗದಲ್ಲಿ ಹುಸಿಮಾತ್ರೆಯ ಗುಂಪು ಇಲ್ಲದೇ ಹೋಗಿದ್ದರೆ, ಸತ್ತವರೆಲ್ಲ ಹೃದಯಾಘಾತದಿಂದಲೇ ಸತ್ತರೆಂದು ಲೆಕ್ಕವಾಗುತ್ತಿತ್ತು, ಔಷಧಿ ಹಾಗೇ ಮುಂದುವರಿಯುತ್ತಿತ್ತು. ಹುಸಿಮಾತ್ರೆ ಎಂದರೆ ರೋಗಿಗೆ ಮೋಸ ಎಂದು ಭಾವಿಸುವವರು ಇದನ್ನು ದಯವಿಟ್ಟು ಯೋಚಿಸಬೇಕು.

ಫ್ಲೆಕೈನೈಡ್ ಇಂದಿಗೂ ಬಳಕೆಯಲ್ಲಿದೆ. ಹೃದಯದ ರಚನೆ ಚೆನ್ನಾಗಿರುವವರ ಎಎಫ್‌ಗೆ ಅದು ಉಪಯುಕ್ತ. ಆದರೆ ಎಕೋ ಮಾಡದೆ, ಹಿಂದೆ ಹೃದಯಾಘಾತವಾಗಿದೆಯೇ ಎಂದು ವಿಚಾರಿಸದೆ ಅದನ್ನು ಶುರುಮಾಡುವಂತಿಲ್ಲ. ಜೊತೆಗೆ ಬಡಿತದ ವೇಗ ತಗ್ಗಿಸುವ ಬೀಟಾ ಬ್ಲಾಕರ್‌ನಂಥ ಮಾತ್ರೆಯನ್ನೂ ಸಾಮಾನ್ಯವಾಗಿ ಕೊಡುತ್ತಾರೆ. ಇಲ್ಲದಿದ್ದರೆ ಎಎಫ್ ಅದಕ್ಕಿಂತ ನಿಧಾನವಾದ, ಒಂದೇ ಸಮನಾದ ‘ಫ್ಲಟರ್’ ಬಡಿತವಾಗಿ ಮಾರ್ಪಟ್ಟು, ಮೇಲ್ಕೋಣೆಯ ಪ್ರತಿ ಬಡಿತವೂ ಕೆಳಗಿಳಿದು ನಾಡಿ 200ರ ಮೇಲೆ ಓಡುವ ಸಂಭವವಿದೆ.

ನಿಮ್ಮ ವಿಷಯಕ್ಕೆ ಬಂದರೆ, ದಿನಕ್ಕೆ ಸುಮಾರು ಒಂದು ಲಕ್ಷ ಬಡಿತಗಳಲ್ಲಿ 2,000 ಎಂದರೆ ಶೇ 2. ತಪ್ಪು ಬಡಿತಗಳ ಪಾಲು ಶೇ 10 ದಾಟಿದಾಗ ಕೆಲವರಲ್ಲಿ ಹೃದಯ ದುರ್ಬಲವಾಗುವುದುಂಟು, ಆಗ ಎಕೋ ಮತ್ತೆ ಮಾಡಿ ನೋಡಬೇಕಾಗುತ್ತದೆ. ತಲೆಸುತ್ತಿ ಬೀಳುವುದು, ಶ್ರಮಪಟ್ಟಾಗ ಪ್ರಜ್ಞೆ ತಪ್ಪುವುದು, ಮನೆತನದಲ್ಲಿ ಚಿಕ್ಕ ವಯಸ್ಸಿನ ಹಠಾತ್ ಸಾವು ಇದ್ದರೆ ಎಣಿಕೆ ಎಷ್ಟೇ ಇರಲಿ ತಿಳಿಸಿ.

ಪ್ರಶ್ನೆ: ಅಬ್ಲೇಶನ್ ‘ಶೇ 80 ಯಶಸ್ವಿ’ ಎಂದು ಒಂದು ಕಡೆ, ‘ಶೇ 55’ ಎಂದು ಇನ್ನೊಂದು ಕಡೆ ಓದಿದೆ. ಯಾವುದನ್ನು ನಂಬಲಿ?

ಉತ್ತರ: ಎರಡೂ ಪ್ರಾಮಾಣಿಕ ಅಂಕಿಗಳೇ ಇರಬಹುದು. ಯಶಸ್ಸು ಎಂದರೆ ಏನು, ಅದನ್ನು ಎಷ್ಟು ಹೊತ್ತು ನೋಡಿದರು ಎಂಬುದರ ಮೇಲೆ ಅಂಕಿ ಹಿಗ್ಗುತ್ತದೆ, ಕುಗ್ಗುತ್ತದೆ.

1998ರಲ್ಲಿ ಫ್ರಾನ್ಸಿನ ಬೋರ್ಡೊ ನಗರದಲ್ಲಿ ಮಿಶೆಲ್ ಐಸಗೇರ್ ಮತ್ತು ಸಂಗಡಿಗರು 45 ರೋಗಿಗಳಲ್ಲಿ ಎಎಫ್ ಹೊತ್ತಿಸುವ 69 ಕಿಡಿತಾಣಗಳನ್ನು ಗುರುತಿಸಿದರು. ಅವುಗಳಲ್ಲಿ ಶೇ 94ರಷ್ಟು ಶ್ವಾಸಕೋಶದಿಂದ ಎಡ ಮೇಲ್ಕೋಣೆಗೆ ಬರುವ ರಕ್ತನಾಳಗಳೊಳಗೇ ಇದ್ದವು. ಅಲ್ಲಿಂದಾಚೆಗೆ ಅಬ್ಲೇಶನ್ ಎಂದರೆ ಮುಖ್ಯವಾಗಿ ಆ ನಾಳಗಳ ಬಾಯಿಯ ಸುತ್ತ ಕಲೆಯ ಬೇಲಿ ಹಾಕಿ ವಿದ್ಯುತ್ ದಾಟದಂತೆ ಮಾಡುವುದು. ಸುಡಬಹುದು, ಅತಿ ತಣ್ಣಗೆ ಮಾಡಬಹುದು, ಈಚೆಗೆ ಪಲ್ಸ್ಡ್ ಫೀಲ್ಡ್ ವಿದ್ಯುತ್ ಕೂಡ ಬಂದಿದೆ. ಬೇಲಿಯಲ್ಲಿ ಎಲ್ಲಾದರೂ ಸಂದು ಉಳಿದರೆ, ಅಥವಾ ಊದಿದ್ದ ಸ್ನಾಯು ವಾಸಿಯಾಗಿ ವಿದ್ಯುತ್ ಮತ್ತೆ ದಾಟಿದರೆ ಎಎಫ್ ಮರಳುತ್ತದೆ. ಎರಡನೆಯ ಸಲ ಮಾಡಿಸಬೇಕಾಗಿ ಬರುವುದು ಇದಕ್ಕೇ.

ಪ್ರಯೋಗಗಳಲ್ಲಿ 30 ಸೆಕೆಂಡು ಮೀರಿದ ಒಂದೇ ಒಂದು ಎಎಫ್ ದಾಖಲಾದರೂ ಸಾಮಾನ್ಯವಾಗಿ ಅದನ್ನು ‘ವಿಫಲ’ ಎಂದು ಬರೆಯುತ್ತಾರೆ. ವಾರಕ್ಕೆ ಮೂರು ದಿನ ಒದ್ದಾಡುತ್ತಿದ್ದವರಿಗೆ ವರ್ಷದಲ್ಲಿ ಒಮ್ಮೆ ಒಂದು ನಿಮಿಷ ಬಂದುಹೋದರೂ ವಿಫಲವೇ. ಇನ್ನೊಂದು ಕಡೆ, ಮೂರು ತಿಂಗಳಿಗೊಮ್ಮೆ ಒಂದು ಇಸಿಜಿ ತೆಗೆದು ನೋಡಿದರೆ ಬಹುಪಾಲು ಎಎಫ್ ಕಣ್ತಪ್ಪಿಸಿಕೊಳ್ಳುತ್ತದೆ, ಯಶಸ್ಸು ಉಬ್ಬಿ ಕಾಣುತ್ತದೆ. ಚರ್ಮದಡಿ ಲೂಪ್ ರೆಕಾರ್ಡರ್ ಇಟ್ಟು ಹಗಲೂ ರಾತ್ರಿ ನೋಡಿದ 2021ರ ಅರ್ಲಿ-ಎಎಫ್ ಪ್ರಯೋಗದಲ್ಲಿ ಒಂದು ವರ್ಷದೊಳಗೆ ಲಯ ಮತ್ತೆ ತಪ್ಪಿದ್ದು ಅಬ್ಲೇಶನ್ ಆದವರಲ್ಲಿ ಶೇ 42.9, ಔಷಧಿ ಪಡೆದವರಲ್ಲಿ ಶೇ 67.8. ಹಾಗಾಗಿ ‘ಯಶಸ್ಸು ಎಷ್ಟು’ ಎನ್ನುವುದಕ್ಕಿಂತ, ಒಟ್ಟು ಸಮಯದಲ್ಲಿ ಎಎಫ್‌ನ ಪಾಲು ಎಷ್ಟು ಇಳಿಯಿತು ಎಂದು ಕೇಳಿ. ಮೊದಲ ಎರಡು-ಮೂರು ತಿಂಗಳ ಬಡಿತಗಳನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಗಾಯ ಮಾಗುವ ಆ ಅವಧಿಯಲ್ಲಿ ಲಯ ತಪ್ಪಿದರೆ ಕೆಲಸ ಕೆಟ್ಟಿತೆಂದು ಎದೆಗುಂದಬೇಕಿಲ್ಲ.

ಎಲ್ಲವೂ ಮನಸ್ಸಿನ ಸಮಾಧಾನವಷ್ಟೇ ಇರಬಹುದಲ್ಲ ಎಂಬ ಅನುಮಾನ ಬಹಳ ದಿನದಿಂದ ಇತ್ತು. ಅದನ್ನು ನೇರವಾಗಿ ಎದುರಿಸಿದ್ದು 2024ರಲ್ಲಿ ಪ್ರಕಟವಾದ ಶ್ಯಾಮ್-ಪಿವಿಐ. 126 ರೋಗಿಗಳಲ್ಲಿ ಅರ್ಧದಷ್ಟು ಮಂದಿಗೆ ನಿಜವಾದ ಅಬ್ಲೇಶನ್, ಉಳಿದವರಿಗೆ ನಟನೆಯ ಅಬ್ಲೇಶನ್. ಯಾರಿಗೆ ಯಾವುದು ಎಂದು ರೋಗಿಗೆ ತಿಳಿಯದು. ಆರು ತಿಂಗಳಲ್ಲಿ ಎಎಫ್‌ನ ಪಾಲು ನಿಜ ಅಬ್ಲೇಶನ್‌ನವರಲ್ಲಿ ಸುಮಾರು ಶೇ 60, ನಟನೆಯವರಲ್ಲಿ ಶೇ 35 ಇಳಿದಿತ್ತು. ಆ ಶೇ 35ನ್ನು ಗಮನಿಸಿ: ಏನೂ ಮಾಡದೆಯೂ ಎಎಫ್ ಏರಿಳಿಯುತ್ತದೆ, ಜನ ಚಿಕಿತ್ಸೆಗೆ ಬರುವುದು ಹೆಚ್ಚಾಗಿ ಏರಿದ್ದಾಗ. ಹೋಲಿಕೆಗೆ ಗುಂಪಿಲ್ಲದ ವರದಿಗಳೆಲ್ಲ ಈ ಇಳಿಕೆಯನ್ನೂ ಚಿಕಿತ್ಸೆಯ ಖಾತೆಗೇ ಬರೆದುಕೊಳ್ಳುತ್ತವೆ. ಆ ಪಾಲನ್ನು ಕಳೆದ ಮೇಲೂ ಅಬ್ಲೇಶನ್‌ಗೆ ನಿಜವಾದ ಗುಣವಿದೆ ಎಂದು ಈಗ ಧೈರ್ಯವಾಗಿ ಹೇಳಬಹುದು.

ಆಯುಸ್ಸು ಹೆಚ್ಚಿಸುತ್ತದೆಯೇ ಎಂಬುದು ಬೇರೆ ಪ್ರಶ್ನೆ. 2019ರ ಕಬಾನಾ ಪ್ರಯೋಗದ 2,204 ಮಂದಿಯಲ್ಲಿ ಸಾವು, ಊನ ಉಳಿಸುವ ಪಾರ್ಶ್ವವಾಯು, ತೀವ್ರ ರಕ್ತಸ್ರಾವ, ಹೃದಯಸ್ತಂಭನ ಸೇರಿ ಅಬ್ಲೇಶನ್ ಗುಂಪಿನಲ್ಲಿ ಶೇ 8.0, ಔಷಧಿ ಗುಂಪಿನಲ್ಲಿ ಶೇ 9.2. ಈ ಅಂತರ ಆಕಸ್ಮಿಕವಲ್ಲ ಎನ್ನುವಷ್ಟು ದೊಡ್ಡದಲ್ಲ. ಔಷಧಿ ಗುಂಪಿನ ಶೇ 27.5 ಮಂದಿ ನಡುವೆ ಅಬ್ಲೇಶನ್ ಮಾಡಿಸಿಕೊಂಡದ್ದರಿಂದ ಅಂತರ ಇನ್ನಷ್ಟು ಮಸುಕಾಗಿರಬಹುದು. ‘ಹಾಗಾದರೆ ಮಾಡಿಸಿಕೊಂಡವರನ್ನೇ ಪ್ರತ್ಯೇಕ ಎಣಿಸಬಾರದೇ?’ ಅನ್ನಿಸುತ್ತದೆ. ಗುಂಪು ಬದಲಿಸಿದವರು ಸಾಮಾನ್ಯವಾಗಿ ಅಬ್ಲೇಶನ್ ತಾಳಿಕೊಳ್ಳುವಷ್ಟು ಗಟ್ಟಿ ಇದ್ದವರು. ಅವರನ್ನು ಆಚೆ ಸೇರಿಸಿದರೆ ಎರಡು ಗುಂಪು ಸಮ ಉಳಿಯುವುದಿಲ್ಲ, ಲೆಕ್ಕ ಕೆಡುತ್ತದೆ. ಹೃದಯ ವೈಫಲ್ಯವೂ ಇರುವವರ ಮಾತು ಬೇರೆ. 2018ರ ಕ್ಯಾಸಲ್-ಎಎಫ್‌ನಲ್ಲಿ 363 ಮಂದಿಯ ಪೈಕಿ ಸಾವು ಅಥವಾ ಹೃದಯ ವೈಫಲ್ಯದಿಂದ ಆಸ್ಪತ್ರೆ ಸೇರ್ಪಡೆ ಅಬ್ಲೇಶನ್‌ನವರಲ್ಲಿ ಶೇ 28.5, ಔಷಧಿಯವರಲ್ಲಿ ಶೇ 44.6.

ಒಂದು ಎಚ್ಚರಿಕೆ. ಸುಡುವ ಅಥವಾ ತಣ್ಣಗಾಗಿಸುವ ಅಬ್ಲೇಶನ್ ಆದ ಒಂದರಿಂದ ಆರು ವಾರದೊಳಗೆ ಜ್ವರ, ನುಂಗುವಾಗ ನೋವು, ಎದೆನೋವು ಅಥವಾ ಪಾರ್ಶ್ವವಾಯುವಿನ ಲಕ್ಷಣ ಕಂಡರೆ ಸಾಮಾನ್ಯ ಜ್ವರವೆಂದು ಕೂರಬೇಡಿ. ಹೃದಯದ ಬೆನ್ನಿಗೆ ಅಂಟಿಕೊಂಡಿರುವ ಅನ್ನನಾಳಕ್ಕೆ ತೂತು ಬಿದ್ದಿರುವ ಅಪರೂಪದ ಸಂಭವವಿದೆ. ಅಬ್ಲೇಶನ್ ಆಗಿದೆ ಎಂಬುದನ್ನು ಮೊದಲ ಮಾತಿನಲ್ಲೇ ತಿಳಿಸಿ. ಇಂಥ ಅನುಮಾನವಿದ್ದಾಗ ಎಂಡೋಸ್ಕೋಪಿ ಮಾಡಬಾರದು, ಅದರಲ್ಲಿ ಊದುವ ಗಾಳಿ ಹೃದಯ ಸೇರಿ ಮಿದುಳಿಗೆ ಹೋಗಬಹುದು. ಎದೆಯ ಸಿಟಿ ಸ್ಕ್ಯಾನ್ ಮಾಡಿಸಬೇಕು.

ಪ್ರಶ್ನೆ: ಹೊಸ ಔಷಧಿಯೊಂದರ ಕ್ಲಿನಿಕಲ್ ಟ್ರಯಲ್‌ಗೆ ಸೇರುತ್ತೀರಾ ಎಂದು ಕೇಳಿದ್ದಾರೆ. ಯಾವ ಚಿಕಿತ್ಸೆ ಎಂಬುದನ್ನು ಕಂಪ್ಯೂಟರ್ ತೀರ್ಮಾನಿಸುತ್ತದಂತೆ. ಮನೆಯವರು ‘ನೀವು ಪ್ರಯೋಗದ ಇಲಿ ಆಗ್ತೀರಿ’ ಅನ್ನುತ್ತಿದ್ದಾರೆ.

ಉತ್ತರ: ಮನೆಯವರ ಕಾಳಜಿ ಸಹಜ. ಚೀಟಿ ಎತ್ತಿದಂತೆ ಗುಂಪು ಹಂಚುವುದಕ್ಕೆ ಕಾರಣ ಇಷ್ಟೇ: ವೈದ್ಯರು ತಾವೇ ಆರಿಸಿದರೆ ಗಟ್ಟಿಮುಟ್ಟಾದವರನ್ನು ತಮಗರಿವಿಲ್ಲದೆ ಹೊಸ ಚಿಕಿತ್ಸೆಗೆ ಹಾಕುತ್ತಾರೆ, ಆಮೇಲೆ ಗೆದ್ದದ್ದು ಚಿಕಿತ್ಸೆಯೋ ರೋಗಿಯ ಗಟ್ಟಿತನವೋ ಗೊತ್ತಾಗುವುದಿಲ್ಲ. ಎರಡರಲ್ಲಿ ಯಾವುದು ಮೇಲು ಎಂದು ಪ್ರಾಮಾಣಿಕವಾಗಿ ಗೊತ್ತಿಲ್ಲದಾಗ ಮಾತ್ರ ಹೀಗೆ ಹಂಚುವುದು ನ್ಯಾಯ.

ಒಪ್ಪಿಗೆ ಪತ್ರವನ್ನು ಮನೆಗೆ ತಂದು ನಿಧಾನವಾಗಿ ಓದಿ. ಈಗ ತೆಗೆದುಕೊಳ್ಳುತ್ತಿರುವ ಯಾವ ಮಾತ್ರೆ ನಿಲ್ಲುತ್ತದೆ, ಅದರಲ್ಲೂ ರಕ್ತ ತೆಳುವಾಗಿಸುವ ಮಾತ್ರೆ ಏನಾಗುತ್ತದೆ ಎಂದು ಮೊದಲು ಕೇಳಿ. ಪ್ರಯೋಗದಲ್ಲಿ ಮುಖ್ಯವಾಗಿ ಅಳೆಯುವುದು ಇಸಿಜಿಯನ್ನೋ, ಪಾರ್ಶ್ವವಾಯು-ಸಾವುಗಳನ್ನೋ? ಕ್ಯಾಸ್ಟ್ ಕಲಿಸಿದ ಪಾಠವಿರುವಾಗ ಈ ಪ್ರಶ್ನೆ ಚಿಕ್ಕದಲ್ಲ. ನಡುವೆ ಅಂಕಿಗಳನ್ನು ನೋಡಿ ನಿಲ್ಲಿಸುವ ಅಧಿಕಾರವುಳ್ಳ ಸ್ವತಂತ್ರ ಸಮಿತಿ ಇದೆಯೇ? ತೊಂದರೆಯಾದರೆ ಚಿಕಿತ್ಸೆಯ ಖರ್ಚು ಯಾರದು? ಮಧ್ಯರಾತ್ರಿ ಕರೆ ಮಾಡಲು ನಂಬರ್ ಯಾವುದು, ತುರ್ತಿನಲ್ಲಿ ನಿಮಗೆ ಸಿಕ್ಕ ಮಾತ್ರೆ ಯಾವುದೆಂದು ಬಿಡಿಸಿ ಹೇಳುವವರು ಯಾರು? ಪ್ರಯೋಗ ಸಾರ್ವಜನಿಕ ನೋಂದಣಿಯಲ್ಲಿ ದಾಖಲಾಗಿದೆಯೇ? ಇವಕ್ಕೆ ಸಮಾಧಾನದ ಉತ್ತರ ಸಿಗದಿದ್ದರೆ ಸೇರಬೇಡಿ. ಸೇರಿದ ಮೇಲೂ ಕಾರಣ ಕೊಡದೆ ಹೊರಬರುವ ಹಕ್ಕು ನಿಮಗಿದೆ, ಅದರಿಂದ ನಿಮ್ಮ ಮಾಮೂಲಿ ಚಿಕಿತ್ಸೆಗೆ ಧಕ್ಕೆಯಾಗಬಾರದು.

ಸೇರಿದಿರಾದರೆ, ಉಳಿದ ಮಾತ್ರೆಗಳನ್ನೂ ಖಾಲಿ ಪಟ್ಟಿಗಳನ್ನೂ ಎಸೆಯದೆ ಪ್ರತಿ ಭೇಟಿಗೂ ತನ್ನಿ, ಎಣಿಸುತ್ತಾರೆ. ಮಾತ್ರೆ ಬಿಟ್ಟಿದ್ದರೆ ಬಿಟ್ಟೆನೆಂದೇ ಹೇಳಿ. ಬೇರೆ ಕಡೆ ಆಂಟಿಬಯಾಟಿಕ್ ಬರೆದುಕೊಟ್ಟರೂ ನುಂಗುವ ಮೊದಲು ಟ್ರಯಲ್‌ನವರಿಗೆ ತಿಳಿಸಿ. ಕ್ಲಾರಿಥ್ರೋಮೈಸಿನ್‌ನಂಥವು ಲಯದ ಔಷಧಿಗಳ ಜೊತೆ ಸೇರಿ ಅಪಾಯ ತರಬಲ್ಲವು. ಔಷಧಿ ನಿಲ್ಲಿಸಿದರೂ ಕೊನೆಯವರೆಗೆ ಭೇಟಿಗೆ ಹೋಗಲು ಸಾಧ್ಯವಾದರೆ ಹೋಗಿ. ಅಡ್ಡಪರಿಣಾಮದಿಂದ ಬೇಸತ್ತವರೇ ಹೇಳದೆ ಕೇಳದೆ ನಾಪತ್ತೆಯಾದರೆ ಉಳಿದವರ ಲೆಕ್ಕದಲ್ಲಿ ಔಷಧಿ ಇರುವುದಕ್ಕಿಂತ ಸೌಮ್ಯವಾಗಿ ಕಾಣುತ್ತದೆ.

ಪ್ರಶ್ನೆ: ಕಾಫಿ ಬಿಡಲೇಬೇಕೇ?

ಉತ್ತರ: ಬೇಡ. 2023ರಲ್ಲಿ ಪ್ರಕಟವಾದ, ನೂರು ಆರೋಗ್ಯವಂತರ ಮೇಲೆ ನಡೆದ ಪ್ರಯೋಗದಲ್ಲಿ ಕಾಫಿ ಕುಡಿದ ದಿನ ಮೇಲ್ಕೋಣೆಯ ಹೆಚ್ಚುವರಿ ಬಡಿತ ಗಣನೀಯವಾಗಿ ಏರಲಿಲ್ಲ. ಕುಡಿದಾಗಲೆಲ್ಲ ನಿಮಗೇ ಎದೆ ಹೊಡೆದುಕೊಂಡರೆ ಮಾತ್ರ ಬಿಟ್ಟು ನೋಡಿ. ಮದ್ಯದ ಕಥೆ ಹಾಗಲ್ಲ. 2020ರಲ್ಲಿ 140 ನಿಯಮಿತ ಕುಡಿಯುವವರನ್ನು ಎರಡು ಗುಂಪು ಮಾಡಿದಾಗ, ಆರು ತಿಂಗಳಲ್ಲಿ ಎಎಫ್ ಮರಳಿದ್ದು ಬಿಟ್ಟವರಲ್ಲಿ ಶೇ 53, ಮುಂದುವರಿಸಿದವರಲ್ಲಿ ಶೇ 73.

ಪ್ರಶ್ನೆ: ನಮ್ಮ ತಾಯಿಯವರಿಗೆ ಚಿಕ್ಕಂದಿನ ಸಂಧಿವಾತ ಜ್ವರದಿಂದ ಮೈಟ್ರಲ್ ಕವಾಟ ಕಿರಿದಾಗಿದೆ, ಎಎಫ್ ಇದೆ. ತಿಂಗಳಿಗೊಮ್ಮೆ ರಕ್ತಪರೀಕ್ಷೆ ಬೇಕಿಲ್ಲದ ಹೊಸ ಮಾತ್ರೆ ಇದ್ದೂ ವಾರ್ಫರಿನ್ನೇ ಯಾಕೆ ಕೊಡುತ್ತಿದ್ದಾರೆ?

ಉತ್ತರ: ಹೊಸ ಮಾತ್ರೆಗಳಿಗೆ ಹೆಸರು ತಂದ ದೊಡ್ಡ ಪ್ರಯೋಗಗಳಲ್ಲಿ, 2009ರ ರಿ-ಲೈ, 2011ರ ಅರಿಸ್ಟಾಟಲ್ ಮುಂತಾದವುಗಳಲ್ಲಿ, ನಿಮ್ಮ ತಾಯಿಯವರಂಥ ಕವಾಟದ ತೊಂದರೆ ಇದ್ದವರನ್ನು ಸೇರಿಸಿಕೊಂಡಿರಲಿಲ್ಲ. ಅವರಿಗೂ ಅದೇ ಲಾಭ ಸಿಕ್ಕೀತೆಂದು ಬಹಳ ಜನ ಊಹಿಸಿದ್ದರು. 2022ರ ಇನ್‌ವಿಕ್ಟಸ್ ಪ್ರಯೋಗ ಸಂಧಿವಾತದ ಹೃದ್ರೋಗವಿರುವ 4,531 ಮಂದಿಯಲ್ಲೇ ಅದನ್ನು ಪರೀಕ್ಷಿಸಿತು. ಪಾರ್ಶ್ವವಾಯು, ಹೆಪ್ಪು, ಹೃದಯಾಘಾತ, ಹೃದಯ-ರಕ್ತನಾಳದ ಅಥವಾ ಕಾರಣ ತಿಳಿಯದ ಸಾವು ಸೇರಿ ರಿವರೊಕ್ಸಾಬಾನ್ ಎಂಬ ಹೊಸ ಮಾತ್ರೆಯ ಗುಂಪಿನ 2,275ರಲ್ಲಿ 560, ವಾರ್ಫರಿನ್ ಜಾತಿಯ ಮಾತ್ರೆಯವರ 2,256ರಲ್ಲಿ 446. ಹಳೆಯ ಮಾತ್ರೆಯೇ ಗೆದ್ದಿತು, ರಕ್ತಸ್ರಾವವೂ ಅದರಲ್ಲಿ ಗಣನೀಯವಾಗಿ ಹೆಚ್ಚಿರಲಿಲ್ಲ.

ರಕ್ತ ಎಷ್ಟು ತೆಳುವಾಗಿದೆ ಎಂದು ತೋರಿಸುವ ಐಎನ್‌ಆರ್ ಅಂಕಿ 2ರಿಂದ 3ರ ನಡುವೆ ಇರಲಿ. ಮಾತ್ರೆ ದಿನವೂ ಒಂದೇ ಹೊತ್ತಿಗೆ. ಮರೆತದ್ದು ಅದೇ ದಿನ ನೆನಪಾದರೆ ತೆಗೆದುಕೊಳ್ಳಲಿ, ಮರುದಿನ ಎರಡು ಸೇರಿಸಿ ನುಂಗಬಾರದು. ಮೆಟ್ರೊನಿಡಜೋಲ್, ಕೋಟ್ರೈಮಾಕ್ಸಜೋಲ್ ಐಎನ್‌ಆರ್ ಏರಿಸುತ್ತವೆ, ಕ್ಷಯಕ್ಕೆ ಕೊಡುವ ರಿಫಾಂಪಿಸಿನ್ ಇಳಿಸುತ್ತದೆ. ಇಂಥ ಮಾತ್ರೆ ಶುರುವಾದರೂ ನಿಂತರೂ ಕೆಲವೇ ದಿನಗಳಲ್ಲಿ ಪರೀಕ್ಷೆ ಮಾಡಿಸಿ. ಲಯ ಸರಿಹೋಯಿತೆಂದು ಯಾರಾದರೂ ವಾರ್ಫರಿನ್ ನಿಲ್ಲಿಸಲು ಹೇಳಿದರೆ, ಕವಾಟದ ವಿಷಯ ತಿಳಿಸಿ ಹೃದ್ರೋಗ ತಜ್ಞರನ್ನು ಕೇಳದೆ ನಿಲ್ಲಿಸಬೇಡಿ.